ಎವೆಯಿಕ್ಕಲು ಮರೆತ ಕಣ್ಣುಗಳು

‘ನಿಮಿಷ’ ಎಂಬುದು ಇಂದು ನಮಗೆ ಅರವತ್ತು ಸೆಕೆಂಡುಗಳ ಅಳತೆ. ಆ ಪದದ ಮೂಲಾರ್ಥ ಕಣ್ಣೆವೆ ಇಕ್ಕುವುದು ಎಂದು. ಎವೆಯಿಕ್ಕದ ದೇವತೆಗಳನ್ನು ‘ಅನಿಮಿಷರು’ ಎಂದು ಕರೆದರು. ಮನುಷ್ಯನ ಕಣ್ಣಿಗೆ ಆ ಸ್ಥಿತಿ ಸಲ್ಲದು. ಆದರೆ ಹದಿಹರೆಯದ ನಮ್ಮ ಮಕ್ಕಳು ಮೊಬೈಲಿನ ಮುಂದೆ ಕುಳಿತಾಗ ಬಹುಮಟ್ಟಿಗೆ ಅನಿಮಿಷರೇ ಆಗಿಬಿಡುತ್ತಾರೆ. ಅವರ ಕಣ್ಣುರಿಯ ಮೂಲ ಹೆಚ್ಚಾಗಿ ಇಲ್ಲಿಯೇ ಇದೆ.

ಸಾಮಾನ್ಯವಾಗಿ ನಾವು ಒಂದು ನಿಮಿಷಕ್ಕೆ 15ರಿಂದ 20 ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಈ ಎಣಿಕೆ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಬಡಿದಾಗಲೂ ರೆಪ್ಪೆಗಳು ಪೂರ್ತಿ ಕೂಡುವುದಿಲ್ಲ. ಪುಸ್ತಕ ಓದುವಾಗಲೂ ಎಣಿಕೆ ತಗ್ಗುವುದುಂಟು. ಆದರೆ ಪುಟ ತಿರುವುವಾಗ ಕಣ್ಣಿಗೆ ಬಿಡುವು ದೊರೆಯುತ್ತದೆ. ಒಂದರ ಹಿಂದೊಂದು ಓಡಿಬರುವ ಮೊಬೈಲಿನ ದೃಶ್ಯಗಳು ಆ ಬಿಡುವನ್ನೂ ಕೊಡುವುದಿಲ್ಲ.

ಪ್ರತಿ ಬಡಿತದಲ್ಲಿಯೂ ರೆಪ್ಪೆಯು ಕಣ್ಣಿನ ಮೇಲೆ ಕಣ್ಣೀರನ್ನು ತೆಳುವಾಗಿ ಸವರುತ್ತದೆ. ಅದರಲ್ಲಿ ಲೋಳೆ, ನೀರು, ತೈಲ ಮೂರೂ ಇವೆ. ಲೋಳೆಯು ನೀರನ್ನು ಕಣ್ಣಿಗೆ ಅಂಟಿಸುತ್ತದೆ. ಮೇಲಿನ ತೈಲವು ನೀರು ಆವಿಯಾಗದಂತೆ ಕಾಯುತ್ತದೆ. ಈ ತೈಲವನ್ನು ಸ್ರವಿಸುವ ಮೈಬೋಮಿಯನ್ ಗ್ರಂಥಿಗಳು ರೆಪ್ಪೆಯ ಒಳಗಿವೆ. ರೆಪ್ಪೆಗಳು ಪೂರ್ಣವಾಗಿ ಕೂಡಿ ಒತ್ತಿದಾಗಲೇ ತೈಲ ಸರಿಯಾಗಿ ಹೊರಬರುತ್ತದೆ. ಒತ್ತಡವಿಲ್ಲದೆ ತೈಲ ಗಟ್ಟಿಯಾಗಿ ಗ್ರಂಥಿಯ ಬಾಯಿ ಕಟ್ಟಬಹುದು. ಹಲವು ಕಾಲ ಹೀಗೆಯೇ ಉಳಿದು ಕ್ಷೀಣಿಸಿದ ಗ್ರಂಥಿ ಮರಳಿ ಮೊದಲಿನಂತಾಗುವುದು ಕಷ್ಟ.

ಉರಿ, ಕೆಂಪು, ಮರಳು ಬಿದ್ದಂತಹ ಚುಚ್ಚು, ರೆಪ್ಪೆ ಬಡಿದೊಡನೆ ತಿಳಿಯಾಗುವ ಮಂಜು ಇದರ ಲಕ್ಷಣಗಳು. ಕಣ್ಣಲ್ಲಿ ನೀರು ಸುರಿಯುವುದೂ ಶುಷ್ಕತೆಯ ಗುರುತಾಗಿರಬಹುದು. ಒಣಗಿ ಕೆರಳಿದ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಆದ್ದರಿಂದ ‘ನೀರು ಬರುತ್ತಿದೆಯಲ್ಲ, ಒಣಗಿದ್ದು ಹೇಗೆ?’ ಎಂದು ಪಾಲಕರು ಅಲಕ್ಷಿಸಬಾರದು.

ದಕ್ಷಿಣ ಕೊರಿಯದಲ್ಲಿ 916 ಶಾಲಾ ಬಾಲಕ ಬಾಲಕಿಯರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅವರಲ್ಲಿ 60 ಮಂದಿಗೆ ಕಣ್ಣಿನ ಶುಷ್ಕತೆ ಕಂಡುಬಂದಿತ್ತು. ಕಿರಿಯ ತರಗತಿಗಳಿಗಿಂತ ಹಿರಿಯ ತರಗತಿಗಳಲ್ಲಿ ಅದು ಹೆಚ್ಚಾಗಿತ್ತು. ಶುಷ್ಕತೆಯಿದ್ದ ಮಕ್ಕಳು ನಾಲ್ಕು ವಾರ ಸ್ಮಾರ್ಟ್‌ಫೋನ್ ಬಿಟ್ಟಾಗ ಅವರ ಕಣ್ಣು ಸುಧಾರಿಸಿತು. ಸಕಾಲದಲ್ಲಿ ಎಚ್ಚೆತ್ತರೆ ಈ ತೊಂದರೆಯಿಂದ ಹೊರಬರಬಹುದೆಂಬುದು ಇದರಿಂದ ಸ್ಪಷ್ಟ.

ಹಾಗಾದರೆ ಮನೆಯಲ್ಲಿ ಮಾಡಬೇಕಾದುದೇನು? ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಆಗ ನಿಧಾನವಾಗಿ ರೆಪ್ಪೆಗಳನ್ನು ಪೂರ್ತಿ ಮುಚ್ಚಿ, ಒಂದು ಕ್ಷಣ ತಡೆದು ತೆರೆಯಬೇಕು. ಹೀಗೆ ಹತ್ತು ಬಾರಿ. ಪರದೆ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಆಗ ರೆಪ್ಪೆ ಇಳಿದು, ಗಾಳಿಗೆ ತೆರೆದ ಭಾಗ ಕಿರಿದಾಗುತ್ತದೆ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸದಿರಲಿ. ಕಣ್ಣುಜ್ಜುವ ಅಭ್ಯಾಸ ಬೇಡ.

ನೀಲಿ ಬೆಳಕನ್ನು ತಡೆಯುವ ಕನ್ನಡಕವನ್ನು ಕೊಡಿಸಿ ನಿಶ್ಚಿಂತರಾಗುವಂತಿಲ್ಲ. ಅದು ಕಣ್ಣಿನ ದಣಿವನ್ನು ಸಾಮಾನ್ಯ ಕನ್ನಡಕಕ್ಕಿಂತ ಹೆಚ್ಚಾಗಿ ತಗ್ಗಿಸುತ್ತದೆಂಬುದಕ್ಕೆ 2023ರ ಕೊಕ್ರೇನ್ ಪರಾಮರ್ಶೆಯಲ್ಲಿ ಆಧಾರ ದೊರೆಯಲಿಲ್ಲ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಹನಿಗಳ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಅವುಗಳಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಬೇಗನೆ ಇಳಿಯುತ್ತದೆ. ಆದರೆ ಬಹುಕಾಲ ಬಳಸಿದರೆ ಗ್ಲಾಕೋಮಾ, ಕಣ್ಣಿನ ಪೊರೆ ಬರಬಹುದು. ಉರಿ ಎರಡು ವಾರಕ್ಕೂ ನಿಲ್ಲದಿದ್ದರೆ, ನೋವು ಇದ್ದರೆ, ಬೆಳಕು ಸಹಿಸಲಾಗದಿದ್ದರೆ ನೇತ್ರತಜ್ಞರನ್ನೇ ಕಾಣಬೇಕು.

ಪಾಠ, ಪರೀಕ್ಷೆಯ ಸಿದ್ಧತೆ ಎಲ್ಲವೂ ಪರದೆಗೆ ಬಂದಿರುವ ಕಾಲದಲ್ಲಿ ಮೊಬೈಲನ್ನು ಪೂರ್ತಿ ದೂರವಿಡುವುದು ಸುಲಭವಲ್ಲ. ಊಟದ ಹೊತ್ತು, ಮಲಗುವ ಮುನ್ನ ಒಂದು ಗಂಟೆ, ಸಂಜೆಯ ಆಟದ ವೇಳೆ ಇವಿಷ್ಟನ್ನಾದರೂ ಪರದೆಯಿಂದ ಬಿಡಿಸಿಕೊಡೋಣ. ಹಿರಿಯರೂ ಆ ಹೊತ್ತಿನಲ್ಲಿ ತಮ್ಮ ಮೊಬೈಲನ್ನು ಕೆಳಗಿಟ್ಟರೆ ಮಕ್ಕಳಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.