ಕಬ್ಬಿನಲ್ಲಿ ಇನ್ವರ್ಟೇಸ್ ಕಿಣ್ವ

ಇನ್ವರ್ಟೇಸ್ ಎಂಬುದು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸರಳ ಸಕ್ಕರೆಗಳಾಗಿ ಒಡೆಯುವ ಕಿಣ್ವ. ಇದು ಕಬ್ಬು, ಯೀಸ್ಟ್ ಮೊದಲಾದ ಜೀವಿಗಳಲ್ಲಿ ಕಂಡುಬರುತ್ತದೆ. ಹೊಸಪೇಟೆ, ಹಂಪಿ ಮತ್ತು ಕಂಪ್ಲಿ ಪರಿಸರದಲ್ಲಿ ತುಂಗಭದ್ರೆಯ ಕಾಲುವೆಗಳ ನೀರಿನಿಂದ ಕಬ್ಬನ್ನು ಬೆಳೆಯಲಾಗುತ್ತದೆ. ರಾಯ, ಬಸವಣ್ಣ ಮತ್ತು ತುರ್ತು ಕಾಲುವೆಗಳು ವಿಜಯನಗರ ಕಾಲದವು. ಕಟಾವಾದ ಕಬ್ಬಿನಲ್ಲಿ ಸಕ್ಕರೆಯ ಅಂಶ ಕುಗ್ಗಲು ಈ ಕಿಣ್ವವು ಒಂದು ಮುಖ್ಯ ಕಾರಣ.

ಕಾರ್ಯವಿಧಾನ

ಕಿಣ್ವಗಳು ಜೈವಿಕ ಕ್ರಿಯಾವರ್ಧಕಗಳು. ಇವುಗಳಲ್ಲಿ ಹೆಚ್ಚಿನವು ಪ್ರೋಟೀನುಗಳು. ಸುಕ್ರೋಸ್ ಅಣುವು ಇನ್ವರ್ಟೇಸಿನ ಸಕ್ರಿಯ ತಾಣದಲ್ಲಿ ಕೂಡಿಕೊಂಡಾಗ, ಕ್ರಿಯೆ ನಡೆಯಲು ಬೇಕಾದ ಸಕ್ರಿಯಣ ಶಕ್ತಿ ತಗ್ಗುತ್ತದೆ. ನೀರಿನ ಅಣುವೊಂದು ಸೇರಿ ಬಂಧ ಕಡಿಯುತ್ತದೆ. ಕಿಣ್ವವು ಬದಲಾಗದೆ ಉಳಿದು ಮುಂದಿನ ಅಣುವಿನೊಡನೆ ವರ್ತಿಸುತ್ತದೆ. ಕಿಣ್ವ ಮತ್ತು ಅಣುವಿನ ಹೊಂದಾಣಿಕೆಯನ್ನು ಎಮಿಲ್ ಫಿಷರ್ 1894ರಲ್ಲಿ ಬೀಗ ಮತ್ತು ಕೀಲಿಗೆ ಹೋಲಿಸಿದನು. 1913ರಲ್ಲಿ ಮೈಕೇಲಿಸ್ ಮತ್ತು ಮೆಂಟೆನ್ ಕಿಣ್ವಕ್ರಿಯೆಯ ವೇಗದ ಸಮೀಕರಣವನ್ನು ಇನ್ವರ್ಟೇಸನ್ನೇ ಬಳಸಿ ರೂಪಿಸಿದರು.

ಪ್ರಭಾವ ಬೀರುವ ಅಂಶಗಳು

* ಉಷ್ಣತೆ: ಉಷ್ಣತೆ ಏರಿದಂತೆ ಒಂದು ಮಿತಿಯವರೆಗೆ ಕ್ರಿಯೆಯ ವೇಗ ಹೆಚ್ಚುತ್ತದೆ. ಅದನ್ನು ಮೀರಿದರೆ ಪ್ರೋಟೀನಿನ ರಚನೆ ಕೆಟ್ಟು ಕಿಣ್ವ ನಿಷ್ಕ್ರಿಯವಾಗುತ್ತದೆ. ಆದುದರಿಂದ ಬೇಸಿಗೆಯ ಬಿಸಿಲಿನಲ್ಲಿ ಬಿದ್ದಿರುವ ಕಬ್ಬು ಬೇಗ ಕೆಡುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುವ ರಸದಲ್ಲಿ ಕಿಣ್ವಕ್ರಿಯೆ ನಿಲ್ಲುತ್ತದೆ.
* ಆಮ್ಲೀಯತೆ: ಕಬ್ಬಿನ ಆಮ್ಲ ಇನ್ವರ್ಟೇಸ್ ಸುಮಾರು 5ರ ಪಿಎಚ್ ಮೌಲ್ಯದಲ್ಲಿ ಚುರುಕಾಗಿರುತ್ತದೆ. ಕಬ್ಬಿನ ರಸದ ಪಿಎಚ್ ಸಹ ಇದಕ್ಕೆ ಸಮೀಪವಾಗಿದೆ. ರಸಕ್ಕೆ ಸುಣ್ಣ ಬೆರೆಸಿದರೆ ಆಮ್ಲೀಯತೆ ತಗ್ಗಿ, ಕುದಿಯುವಾಗ ಆಮ್ಲದಿಂದ ಆಗುವ ಸುಕ್ರೋಸಿನ ವಿಭಜನೆಯೂ ಕಡಿಮೆಯಾಗುತ್ತದೆ.
* ಸಾಂದ್ರತೆ: ಸುಕ್ರೋಸ್ ಹೆಚ್ಚಿದಂತೆ ವೇಗ ಏರುತ್ತದೆ. ಸಕ್ರಿಯ ತಾಣಗಳೆಲ್ಲ ತುಂಬಿದ ಮೇಲೆ ಅದು ಸ್ಥಿರವಾಗುತ್ತದೆ.
* ಪ್ರತಿಬಂಧಕಗಳು: ಪಾದರಸ, ಬೆಳ್ಳಿ ಮುಂತಾದ ಭಾರಲೋಹಗಳ ಅಯಾನುಗಳು ಇದರ ಕ್ರಿಯೆಯನ್ನು ತಡೆಯುತ್ತವೆ.

ಆರ್ಥಿಕ ಮಹತ್ವ

ಬೆಳೆದು ನಿಂತ ಕಬ್ಬಿನ ಬಲಿತ ಗೆಣ್ಣುಗಳಲ್ಲಿ ಇನ್ವರ್ಟೇಸಿನ ಚಟುವಟಿಕೆ ಕಡಿಮೆ. ಕಟಾವಿನ ನಂತರ ಅದು ಹೆಚ್ಚುತ್ತದೆ. ಹೀಗೆ ಉಂಟಾದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹರಳುಗಟ್ಟದೆ ಕಾಕಂಬಿಯಲ್ಲಿ ಉಳಿಯುತ್ತವೆ. ಬೆಲ್ಲವಾದರೆ ಮೆತ್ತಗಾಗಿ ಬೇಗ ನೀರೊಡೆಯುತ್ತದೆ. ಕಬ್ಬಿನ ದರವನ್ನು ಸಕ್ಕರೆ ಇಳುವರಿಯ ಆಧಾರದಲ್ಲಿ ನಿಗದಿಪಡಿಸುವುದರಿಂದ ಈ ನಷ್ಟ ಕಾರ್ಖಾನೆಗೂ ಬೆಳೆಗಾರರಿಗೂ ತಟ್ಟುತ್ತದೆ. ಹೊಸಪೇಟೆಯ ಸಕ್ಕರೆ ಕಾರ್ಖಾನೆ ಸ್ಥಗಿತಗೊಂಡ ಬಳಿಕ ಈ ಭಾಗದ ಕಬ್ಬು ದೂರದ ಕಾರ್ಖಾನೆಗಳಿಗೆ ಸಾಗಬೇಕಾಯಿತು. ಸಾಗಣೆ ಮತ್ತು ಸರದಿಯಲ್ಲಿ ಕಳೆಯುವ ಪ್ರತಿ ದಿನವೂ ಕಿಣ್ವಕ್ರಿಯೆಗೆ ಅವಕಾಶ ನೀಡುತ್ತದೆ. ಕಡಿದ ಕಬ್ಬನ್ನು 24 ಗಂಟೆಗಳೊಳಗೆ ನುರಿಸುವುದು ಉತ್ತಮ. ತಡವಾಗುವುದಾದರೆ ನೆರಳಿನಲ್ಲಿಟ್ಟು, ರವದಿ ಹೊದಿಸಿ, ನೀರು ಚಿಮುಕಿಸಿದರೆ ನಷ್ಟವನ್ನು ತಗ್ಗಿಸಬಹುದು.