ಕಿವಿಗೊಂದು ಊರುಗೋಲು

ಕಣ್ಣು ಮಂದವಾದರೆ ಕನ್ನಡಕ ಧರಿಸಲು ನಾಚದ ನಮ್ಮ ಜನರು, ಕಿವಿ ಮಂದವಾಯಿತೆಂದು ಒಪ್ಪಿಕೊಳ್ಳಲು ಮಾತ್ರ ವರುಷಗಟ್ಟಲೆ ಹಿಂದೆಗೆಯುತ್ತಾರೆ. ಪರರನ್ನು ದೂಷಿಸಿ ಈ ಮಾತನ್ನು ಬರೆಯುತ್ತಿಲ್ಲ. ಆ ಗುಂಪಿನಲ್ಲಿ ನಾವೇ ಅಗ್ರಗಣ್ಯರಾಗಿದ್ದೆವು.

ಪತ್ರಿಕೆಯ ಕೆಲಸಕ್ಕೆ ಕೈಯಿಕ್ಕುವ ಮುಂಚೆ ನಾವು ಇದೇ ಎಣ್ಣೂರಿನಲ್ಲಿ ಹೋಟೆಲು ನಡೆಸುತ್ತಿದ್ದುದು ಓದುಗರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ. ಒಳಗೆ ರುಬ್ಬುವ ಯಂತ್ರ, ಹೊಗೆಯೆಳೆಯುವ ಫ್ಯಾನು, ಸ್ಟೀಲ್ ತಟ್ಟೆಗಳ ಖಣಖಣ. ಹೊರಗೆ ಬಂದರಿಗೆ ಹೋಗಿಬರುವ ಕಂಟೇನರ್ ಲಾರಿಗಳ ಎಡೆಬಿಡದ ಮೆರವಣಿಗೆ. ಇವುಗಳ ನಡುವೆ ಇಪ್ಪತ್ತು ವರುಷ ಕಳೆದೆವು. ಗಿರಾಕಿಯು ಸೆಟ್ ದೋಸೆ ಕೇಳಿದರೆ ಬೇರೇನನ್ನೋ ಕಳುಹಿಸುವುದು ವಾಡಿಕೆಯಾಯಿತು. ಈಗಿನವರು ಬಾಯಿ ತೆರೆದು ಮಾತನಾಡುವುದಿಲ್ಲವೆಂದು ನಾವು ಗೊಣಗುತ್ತಿದ್ದೆವು.

ನಮ್ಮ ಹಟ ಮುರಿದದ್ದು 2023ರ ಡಿಸೆಂಬರ್ 26ರ ನಡುರಾತ್ರಿ. ಪೆರಿಯಕುಪ್ಪಂ ಬಳಿ ಸಮುದ್ರದೊಳಗಿನ ಕೊಳವೆಯಿಂದ ಅಮೋನಿಯಾ ಸೋರಿ, ಕಣ್ಣುರಿ ಉಸಿರುಗಟ್ಟುಗಳಿಂದ ಜನರು ಮಕ್ಕಳುಮರಿಗಳೊಡನೆ ಬೀದಿಗೆ ಓಡಿಬಂದ ರಾತ್ರಿ ಅದು. ನಮ್ಮ ಮನೆಯವರು ಊರಿಗೆ ಹೋಗಿದ್ದರು. ನೆರೆಯವರು ಬಾಗಿಲು ಬಡಿದು, ಕೂಗಿ, ಕಡೆಗೆ ಕಿಟಕಿಯಿಂದ ಕೋಲು ತೂರಿಸಿ ನಮ್ಮನ್ನು ತಿವಿದೆಬ್ಬಿಸಬೇಕಾಯಿತು. ಬೀದಿಯೆಲ್ಲ ಎದ್ದಿದ್ದ ಹೊತ್ತಿನಲ್ಲಿ ನಾವೊಬ್ಬರೇ ಸುಖವಾಗಿ ನಿದ್ರಿಸುತ್ತಿದ್ದೆವು. ಆ ಕೋಲಿನ ತಿವಿತವು ಯಾವ ಹಿತೋಪದೇಶಕ್ಕೂ ಆಗದಿದ್ದ ಕೆಲಸವನ್ನು ಮಾಡಿತು.

ತರುವಾಯ ನಗರದಲ್ಲಿ ಪರೀಕ್ಷೆಯಾಯಿತು. ಸದ್ದಿಲ್ಲದ ಕೋಣೆಯಲ್ಲಿ ಕುಳ್ಳಿರಿಸಿ, ಕಿವಿಗೆ ಸಣ್ಣ ನಾದಗಳನ್ನು ಕಳುಹಿಸಿ, ಕೇಳಿಸಿದಾಗಲೆಲ್ಲ ಗುಂಡಿಯೊತ್ತಲು ಹೇಳುತ್ತಾರೆ. ತಗ್ಗಿನ ಸ್ವರಗಳಲ್ಲಿ ನಮ್ಮ ಗೆರೆಯು ಹೆಚ್ಚುಕಡಿಮೆ ನೆಟ್ಟಗಿದ್ದು, 4000 ಹರ್ಟ್ಸ್ ಬಳಿ ಬಾವಿಗೆ ಬಿದ್ದಂತೆ ಕುಸಿದಿತ್ತು. ದೀರ್ಘಕಾಲ ಗದ್ದಲದಲ್ಲಿ ದುಡಿದವರಲ್ಲಿ ಸಾಮಾನ್ಯವಾಗಿ ಕಾಣುವ ಗುರುತು ಇದೇ ಎಂದರು. ಒಳಗಿವಿಯ ರೋಮಕೋಶಗಳು ಮನುಷ್ಯನಲ್ಲಿ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲವಂತೆ. ಅ, ಆ, ಓ ಮೊದಲಾದ ಸ್ವರಗಳು ತಗ್ಗಿನ ನಾದಗಳಾದುದರಿಂದ ಕೇಳಿಸುತ್ತವೆ. ಸ, ಶ, ತ, ಕ ಇವುಗಳ ಗುರುತು ಮೇಲಿನ ನಾದಗಳಲ್ಲಿರುವುದರಿಂದ ಕಳೆದುಹೋಗುತ್ತವೆ. ಆದಕಾರಣ, ಎದುರಿನವರು ಮಾತನಾಡುತ್ತಿರುವುದು ಕೇಳುತ್ತದೆ, ಏನೆಂಬುದು ತಿಳಿಯುವುದಿಲ್ಲ. ಗದ್ದಲದಿಂದ ಬರುವ ಕಿವುಡನ್ನು 1948ರ ಕಾರ್ಖಾನೆ ಕಾಯಿದೆಯ ವೃತ್ತಿರೋಗಗಳ ಪಟ್ಟಿಯಲ್ಲಿಯೇ ಸೇರಿಸಿದ್ದರು. ಹೋಟೆಲಿನ ಅಡಿಗೆಮನೆಯನ್ನು ಈ ದೃಷ್ಟಿಯಿಂದ ನೋಡಿದವರು ವಿರಳ.

ಕಿವಿಯ ಹಿಂದೆ ಕೂರುವ ಎರಡು ಶ್ರವಣಯಂತ್ರಗಳನ್ನು ತಂದೆವು. ಹೊಸ ಕನ್ನಡಕವು ಅರ್ಧ ದಿನದಲ್ಲಿ ಒಗ್ಗುವಂತೆ ಇದೂ ಒಗ್ಗುವುದೆಂದು ಭಾವಿಸಿದ್ದು ನಮ್ಮ ತಪ್ಪು. ಮೊದಲನೆಯ ದಿನ ನಮ್ಮ ದನಿಯೇ ನಮಗೆ ಕೊಡದೊಳಗಿಂದ ಬಂದಂತಾಯಿತು. ಪತ್ರಿಕೆಯ ಹಾಳೆ ತಿರುವಿದರೆ ತಗಡು ಹರಿದಂತೆ. ನಲ್ಲಿಯ ನೀರು, ಚಪ್ಪಲಿಯ ಸದ್ದು, ಕಾಗೆ, ಫ್ಯಾನು ಎಲ್ಲವೂ ಒಟ್ಟಾಗಿ ನಮ್ಮ ಮೇಲೆ ದಂಡೆತ್ತಿ ಬಂದವು. ನಾಲ್ಕನೆಯ ದಿನ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತು, ನಾದಸ್ವರವನ್ನೂ ನೂರಾರು ಜನರ ಮಾತನ್ನೂ ತಾಳಲಾರದೆ ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆವು. ಆಮೇಲೆ ಒಂದು ವಾರ ಅವು ಮೇಜಿನ ಖಾನೆಯಲ್ಲಿಯೇ ಇದ್ದುವು. ಮನೆಯವರು ಏನನ್ನೂ ಹೇಳಲಿಲ್ಲ. ಹೇಳಿದ್ದರೂ ನಮಗೆ ಕೇಳಿಸುತ್ತಿರಲಿಲ್ಲವೆನ್ನಿ.

ಪರೀಕ್ಷಿಸಿದವರ ಬಳಿಗೆ ಮರಳಿ ಹೋದಾಗ ಅವರು ನಗಲಿಲ್ಲ, ಗದರಿಸಲೂ ಇಲ್ಲ. ವರುಷಗಳಿಂದ ಈ ಸದ್ದುಗಳನ್ನೇ ಕಾಣದ ಮಿದುಳಿಗೆ ಬೇಕಾದುದು ಯಾವುದು, ಬೇಡವಾದುದು ಯಾವುದು ಎಂಬ ವಿವೇಚನೆ ತಪ್ಪಿಹೋಗಿರುತ್ತದೆ. ಅದು ಮತ್ತೆ ಕಲಿಯಲು ಕೆಲವು ವಾರಗಳು, ಕೆಲವರಿಗೆ ತಿಂಗಳುಗಳೂ ಬೇಕು. ಖಾನೆಯಲ್ಲಿಟ್ಟರೆ ಎಂದಿಗೂ ಕಲಿಯದು ಎಂದರು. ಕಂಪ್ಯೂಟರಿಗೆ ಜೋಡಿಸಿ ಸದ್ದನ್ನು ಕೊಂಚ ತಗ್ಗಿಸಿ, ಮುಂದೆ ಹಂತಹಂತವಾಗಿ ಏರಿಸೋಣವೆಂದರು. ಮನೆಯಲ್ಲಿ ಒಬ್ಬರೊಡನೆ ಮಾತನಾಡಿ ಆರಂಭಿಸಿ, ಬಳಿಕ ಅಂಗಡಿ, ಕಡೆಗೆ ಜನಸಂದಣಿ ಎಂಬ ಕ್ರಮವನ್ನು ಹೇಳಿಕೊಟ್ಟರು. ಕನ್ನಡದಲ್ಲಿಯೇ ಪರೀಕ್ಷೆ ಮಾಡಿಸಿಕೊಳ್ಳಬಯಸುವ ನಮ್ಮವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1960ರ ದಶಕದಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿರುವುದನ್ನು ಇಲ್ಲಿ ಜ್ಞಾಪಿಸುತ್ತೇವೆ.

ಕಡಲ ತೀರದವರಾದ ನಮಗೆ ಬೇರೊಂದು ಪೀಡೆಯುಂಟು. ಎಣ್ಣೂರಿನ ಗಾಳಿಯ ತೇವ, ಉಪ್ಪು, ಮೈಬೆವರು ಇವು ಮೂರೂ ಯಂತ್ರದ ಶತ್ರುಗಳು. ರಾತ್ರಿ ಒರಸಿ, ಬ್ಯಾಟರಿಯ ಬಾಗಿಲನ್ನು ತೆರೆದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡುವುದು ಕಡ್ಡಾಯ. ಇದರ ಬ್ಯಾಟರಿಯು ಗಾಳಿಯನ್ನು ಹೀರಿ ನಡೆಯುವ ಸತುವಿನ ಜಾತಿ. ಮೇಲಿನ ಚೀಟಿಯನ್ನು ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಅವಸರಪಟ್ಟು ಮೂರು ಬ್ಯಾಟರಿಗಳನ್ನು ಕೆಟ್ಟವೆಂದು ಎಸೆದ ಮೇಲೆ ನಮಗೆ ಇದು ತಿಳಿಯಿತು. ಕಿವಿಯಲ್ಲಿ ಸರಿಯಾಗಿ ಕೂರದಿದ್ದರೆ ಸಿಳ್ಳೆ ಹೊಡೆಯುತ್ತದೆ. ಬಸ್ಸಿನಲ್ಲಿ ಹಾಗಾದಾಗ ಕಂಡಕ್ಟರನು ನಮ್ಮನ್ನು ನೋಡಿದ ನೋಟವನ್ನು ಬರೆಯಲಾರೆವು. ಇಷ್ಟಾದರೂ, 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ರೇಡಿಯೋಗಿಂತ ಮೊದಲು, 1952ರ ಕೊನೆಯಲ್ಲಿಯೇ, ಕಿವುಡರ ಯಂತ್ರದೊಳಗೆ ಸೇರಿತೆಂಬುದನ್ನು ಓದಿ ನಮಗೆ ಸಣ್ಣ ಹೆಮ್ಮೆಯಾಗದೆ ಇರಲಿಲ್ಲ.

ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಅಡಿಗೆಮನೆಯಿಂದ ಚಟಪಟ ಸದ್ದು ಬಂದಿತು. ಏನೋ ಸುಟ್ಟಿತೆಂದು ಎದ್ದು ಓಡಿದೆವು. ಒಗ್ಗರಣೆಯ ಸಾಸಿವೆ ಸಿಡಿಯುತ್ತಿತ್ತು. ಇಪ್ಪತ್ತು ವರುಷ ಅನ್ನ ಕೊಟ್ಟ ಸದ್ದನ್ನು ಗುರುತಿಸದೆ ಹೋದೆವಲ್ಲಾ ಎಂದು ಅಲ್ಲಿಯೇ ಕೊಂಚ ಹೊತ್ತು ನಿಂತೆವು.

ಅದೇ ವಾರ ಕುಂದಾಪುರದ ಕಡೆಯ ಹಳ್ಳಿಯಲ್ಲಿರುವ ತಾಯಿಯವರೊಡನೆ ನಾವೇ ಫೋನಿನಲ್ಲಿ ಮಾತನಾಡಿದೆವು. ಬಹುಕಾಲದಿಂದ ಅವರ ಮಾತನ್ನು ಮನೆಯವರು ಕೇಳಿ ನಮಗೆ ಒದರಿ ಹೇಳುತ್ತಿದ್ದರು. ನಾವು ಎಂದಿನಂತೆ ಅರಚದೆ ಮಾತನಾಡಿದುದನ್ನು ಕೇಳಿ ತಾಯಿಯವರು ಗಾಬರಿಯಾದರು. "ಎಂತ ಮಗಾ, ಉಷಾರಿಲ್ಯಾ? ಸ್ವರ ಸಣ್ಣ ಆಯ್ತಲ್ಲ?" ಎಂದರು. ಪ್ರತಿಯೊಂದು ಅಕ್ಷರವೂ ಕೇಳಿಸಿತು.

ರಾತ್ರಿ ಮಾತ್ರ ಯಂತ್ರವು ಡಬ್ಬಿಗೆ, ನಾವು ಮತ್ತೆ ಕಿವುಡಿಗೆ. ಅದಕ್ಕಾಗಿ ಬಾಗಿಲ ಗಂಟೆಯನ್ನು ಒತ್ತಿದರೆ ಮಲಗುವ ಕೋಣೆಯಲ್ಲಿ ದೀಪವು ಮಿನುಗುವಂತೆ ತಂತಿ ಎಳೆಸಿದ್ದೇವೆ. ನೆರೆಯವರು ಬಂದು ಒತ್ತಿ ನೋಡಿ ತೃಪ್ತಿಪಟ್ಟರು. ಆದರೂ ಆ ಕೋಲನ್ನು ಅವರು ಎಸೆದಿಲ್ಲ.