ಕಕ್ಕಡದ ಮದ್ದುಪಾಯಸ

ಕೊಡಗಿನ ಮಳೆಯ ವಿಚಾರ ಎಲ್ಲರೂ ಬಲ್ಲರು; ಆ ಮಳೆಯ ನಡುವೆ ಉಣ್ಣುವ ನೇರಳೆ ಬಣ್ಣದ ಪಾಯಸವನ್ನು ಬಯಲುಸೀಮೆಯ ನಮ್ಮ ಮನೆಗಳಲ್ಲಿ ಬಲ್ಲವರು ವಿರಳ. ಕಕ್ಕಡ ಮಾಸದ 18ನೆಯ ದಿನ, ಎಂದರೆ ಆಗಸ್ಟ್ 3ರ ಸುಮಾರಿಗೆ, ಅಲ್ಲಿ ಮದ್ದುಸೊಪ್ಪಿನ ಅಡುಗೆ. ಅಂದು ಆ ಗಿಡದಲ್ಲಿ 18 ಬಗೆಯ ಔಷಧಿಗಳು ಕೂಡಿರುತ್ತವೆಂಬುದು ಹಿರಿಯರ ನಂಬಿಕೆ.

ಮಡಿಕೇರಿ ಸಮೀಪದ ಸ್ನೇಹಿತರ ಮನೆಯಲ್ಲಿ ಪ್ರಥಮ ಬಾರಿಗೆ ಅದನ್ನು ಕಂಡಾಗ ನಮ್ಮ ಕೈ ಹಿಂಜರಿಯಿತು. ಎಲೆ, ಕಾಂಡಗಳನ್ನು ಕುದಿಸಿ ಸೋಸಿದ ನೀರು ಗಾಢ ನೇರಳೆ. ಅದರಲ್ಲೇ ಅಕ್ಕಿ ಬೆಂದು, ಬೆಲ್ಲ, ತೆಂಗಿನ ಹಾಲು ಸೇರುತ್ತವೆ. ಮೇಲೆ ತುಪ್ಪ, ಜೇನು. ಪರಿಮಳವೇನೋ ಹಿತ, ಬಣ್ಣ ಮಾತ್ರ ಶಾಯಿಯನ್ನು ನೆನಪಿಸಿತು. ಮೊದಲ ತುತ್ತೆತ್ತಿದವರು ನಮ್ಮ ತಾಯಿಯವರೇ. “ಸೊಪ್ಪು, ಅಕ್ಕಿ, ಬೆಲ್ಲ ತಾನೆ?” ಎಂದು ಮತ್ತೊಮ್ಮೆ ಬಡಿಸಿಕೊಂಡರು.

ಮರುದಿನ ಬೆಳಗ್ಗೆ ಅವರ ಮುಖ ಬಾಡಿತ್ತು. ಮೂತ್ರ ಕೆಂಪಾಗಿದೆಯೆಂದರು. ಹಿಂದೊಮ್ಮೆ ಮೂತ್ರಕೋಶದಲ್ಲಿ ಕಲ್ಲಾಗಿ ನರಳಿದವರು. ರಕ್ತವೆಂದೇ ಬಗೆದು ವೈದ್ಯರಲ್ಲಿಗೆ ಹೊರಟು ನಿಂತೆವು. ಮನೆಯೊಡತಿ ನಕ್ಕು, ಅದು ಸೊಪ್ಪಿನ ಬಣ್ಣ, ತಾನಾಗಿ ಹೋಗುತ್ತದೆ ಎಂದರು. ಹಾಗೆಯೇ ಆಯಿತು. ಅತಿಥಿಗಳಿಗೆ ಈ ಮಾತನ್ನು ಬಡಿಸುವ ಮುನ್ನವೇ ತಿಳಿಸುವುದೊಳಿತು!

ಹಿಂತಿರುಗುವಾಗ ತಾಯಿಯವರು ಒಂದು ಕಟ್ಟು ಸೊಪ್ಪನ್ನು ಕೇಳಿ ಪಡೆದರು.